ಹಳೇ ಊರಿಗೆ ದಾರಿ ತೋರಿಸಿದ ನಕ್ಷೆ: ಹಿನ್ನೀರಿನ ಊರುಗಳಲ್ಲಿ ಫೋನಿನ ಮಾರ್ಗದರ್ಶಿಯನ್ನು ಎಷ್ಟು ನಂಬಬಹುದು

ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ಮನೆಯಿಂದ ನನ್ನ ತಂಗಿಯ ಮನೆಗೆ ಸರಿಯಾದ ದಾರಿಯಲ್ಲಿ ಹೋದರೆ 28 ಕಿಲೋಮೀಟರ್. ಕಳೆದ ಪಂಚಮಿ ಹಬ್ಬಕ್ಕೆ ಆಕೆಯನ್ನು ತವರಿಗೆ ಕರೆತರಲು, ರೊಟ್ಟಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಕಾರು ತೆಗೆದ ನಾನು ಅವಳ ಮನೆಯ ಕಟ್ಟೆಯ ಮುಂದೆ ಇಳಿದಾಗ 11 ಗಂಟೆ 50 ನಿಮಿಷ ಆಗಿತ್ತು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಆ ಹೊತ್ತಿನಲ್ಲಿ ನಾನು ಪೂರ್ತಿಯಾಗಿ ನಂಬಿಕೊಂಡಿದ್ದು ಫೋನಿನಲ್ಲಿ ಮೊದಲಿನಿಂದಲೂ ಇದ್ದ ನಕ್ಷೆಯ ಆ್ಯಪನ್ನು. ಆ ದಿನದ ನಂತರ ಅದೇ ಆ್ಯಪನ್ನು ಐದು ತಿಂಗಳ ಕಾಲ ಜಿಲ್ಲೆಯ ಬೇರೆ ಬೇರೆ ದಾರಿಗಳಲ್ಲಿ ಬೇಕೆಂದೇ ಬಳಸಿ ನೋಡಿದ್ದೇನೆ. ಅದರ ತಪ್ಪುಗಳನ್ನು ತಿದ್ದಿಸಲು ಕೂಡ ಪ್ರಯತ್ನಿಸಿದ್ದೇನೆ. ಈ ವಿಮರ್ಶೆ ಆ ಅನುಭವದ್ದು. ಆ್ಯಪಿನ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನನಗಾದ ತೊಂದರೆಯ ಬೇರು ನಮ್ಮ ನೆಲದ ಇತಿಹಾಸದಲ್ಲಿದೆ ಮತ್ತು ಬೇರೆ ಆ್ಯಪ್ ಬಳಸುವವರಿಗೂ ಅದೇ ಪ್ರಶ್ನೆ ಎದುರಾಗುತ್ತದೆ. ತಂಗಿಯ ಊರಿನ ಹೆಸರನ್ನೂ ಮನೆಯವರ ಸಲುವಾಗಿ ಬಿಟ್ಟಿದ್ದೇನೆ. ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಗ್ರಾಮ ಎಂದಷ್ಟು ತಿಳಿದರೆ ಸಾಕು.

ಈ ಭಾಗದವರಿಗೆ ‘ಮುಳುಗಡೆ’ ಎಂಬ ಒಂದು ಶಬ್ದದಲ್ಲಿ ಎಲ್ಲವೂ ತಿಳಿಯುತ್ತದೆ. ಬೇರೆ ಕಡೆಯ ಓದುಗರಿಗೆ ಸ್ವಲ್ಪ ವಿವರ ಬೇಕು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಿದ ಅಣೆಕಟ್ಟೆಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು; 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್, ಆ ಮಟ್ಟಕ್ಕೆ ತುಂಬಿದಾಗ ಸುಮಾರು 123 ಟಿಎಂಸಿ ನೀರು ನಿಲ್ಲುತ್ತದೆ. ಆ ನೀರು ಕೃಷ್ಣೆಯ ಪಾತ್ರದಲ್ಲಿಯೂ ಘಟಪ್ರಭೆಯ ಪಾತ್ರದಲ್ಲಿಯೂ ಹಿಂದಕ್ಕೆ ಚಾಚಿಕೊಂಡು, ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳನ್ನೂ ಹೊಳೆದಂಡೆಯ ಅನೇಕ ಹಳ್ಳಿಗಳನ್ನೂ ಒಳಗೆ ತೆಗೆದುಕೊಂಡಿತು. ಪಟ್ಟಣದವರಿಗಾಗಿ ನವನಗರ ಎದ್ದಿತು. ಹಳ್ಳಿಯವರಿಗಾಗಿ ಎತ್ತರದ ನೆಲದಲ್ಲಿ ಪುನರ್ವಸತಿ ಕೇಂದ್ರಗಳು ಎದ್ದವು. ಜನ ಊರು ಬಿಟ್ಟು ಏಳುವಾಗ ಮನೆಯ ತೊಲೆ, ಬಾಗಿಲು, ಚೌಕಟ್ಟುಗಳನ್ನು ಬಿಚ್ಚಿಕೊಂಡು ಹೋದಂತೆ ಊರಿನ ಹೆಸರನ್ನೂ ತೆಗೆದುಕೊಂಡು ಹೋದರು. ಹೀಗಾಗಿ ಒಂದೇ ಹೆಸರಿಗೆ ಎರಡು ಜಾಗಗಳಾದವು. ಒಂದು ನೀರಿನ ಕೆಳಗೆ ಇದೆ, ಇನ್ನೊಂದು ದಿನ್ನೆಯ ಮೇಲೆ ಇದೆ.

ತಂಗಿಯ ಗಂಡನ ನೌಕರಿ ಬೆಳಗಾವಿಯಲ್ಲಿದ್ದುದರಿಂದ ಮದುವೆಯಾದ ಮೇಲೆ ನಾಲ್ಕು ವರ್ಷ ಅವರು ಅಲ್ಲಿಯೇ ಇದ್ದು, ಕಳೆದ ಯುಗಾದಿಗೆ ಊರಿಗೆ ಬಂದು ನೆಲೆಸಿದ್ದರು. ಆ ಊರಿಗೆ ನಾನು ಹೋಗಿದ್ದು ಒಂದೇ ಸಲ, ಅದೂ ಮದುವೆಯ ಸಮಯದಲ್ಲಿ, ಬೀಗರೆಲ್ಲ ತುಂಬಿಕೊಂಡಿದ್ದ ಕ್ರೂಸರಿನ ಹಿಂದಿನ ಸೀಟಿನಲ್ಲಿ ಕುಳಿತು ರಾತ್ರಿ ಹೊತ್ತಿನಲ್ಲಿ. ದಾರಿ ನೆನಪಿರಲಿಲ್ಲ. ದೂರ ಕಡಿಮೆ, ಕೈಯಲ್ಲಿ ನಕ್ಷೆ ಇದೆ ಎಂಬ ಧೈರ್ಯದಿಂದ ತಂಗಿಗಾಗಲಿ ಅವಳ ಗಂಡನಿಗಾಗಲಿ ಫೋನ್ ಮಾಡಿ ಕೇಳದೆ ಹೊರಟೆ. ಅವ್ವ ಕಟ್ಟಿಕೊಟ್ಟ ಶೇಂಗಾ ಉಂಡಿ ಮತ್ತು ಎಳ್ಳುಂಡಿಯ ಡಬ್ಬಿಗಳು, ತಂಗಿಗೆಂದು ತಂದಿದ್ದ ಗುಳೇದಗುಡ್ಡದ ಖಣ ಹಿಂದಿನ ಸೀಟಿನಲ್ಲಿದ್ದವು. ಆ್ಯಪಿನಲ್ಲಿ ಊರಿನ ಹೆಸರನ್ನು ಕನ್ನಡದಲ್ಲಿಯೇ ಬರೆದೆ. ತಕ್ಷಣ ಒಂದು ಗುರುತು ಬಂತು, 26 ಕಿಲೋಮೀಟರ್, 34 ನಿಮಿಷ ಎಂದು ತೋರಿಸಿತು. ಹೆಸರು ಸರಿಯಾಗಿತ್ತು, ತಾಲ್ಲೂಕು ಸರಿಯಾಗಿತ್ತು, ದೂರವೂ ನಾನು ಕೇಳಿದ್ದಕ್ಕೆ ಹತ್ತಿರವಾಗಿತ್ತು. ಸಂಶಯಪಡಲು ಯಾವ ಕಾರಣವೂ ಕಾಣಲಿಲ್ಲ.

ಗದ್ದನಕೇರಿ ಕ್ರಾಸಿಗೆ ಬಂದು, ಅಲ್ಲಿಂದ ವಿಜಯಪುರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52ಕ್ಕೆ ಸೇರಿ, ಅನಗವಾಡಿಯ ಹತ್ತಿರ ಘಟಪ್ರಭೆಯ ಸೇತುವೆಯನ್ನು ದಾಟುವವರೆಗೆ ಆ್ಯಪ್ ಒಂದು ತಪ್ಪನ್ನೂ ಮಾಡಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆ ಇತ್ತು. ಸೇತುವೆಯ ಎರಡೂ ಕಡೆ ಹೊಳೆ ಕೆಂಪಗೆ ತುಂಬಿ ಕೆರೆಯಂತೆ ನಿಂತಿತ್ತು. ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಲಕ್ಕೆ ತಿರುಗಲು ಧ್ವನಿ ಹೇಳಿತು, ತಿರುಗಿದೆ. ರಾಷ್ಟ್ರೀಯ ಹೆದ್ದಾರಿಯ ಮೈಲಿಗಲ್ಲಿನ ತಲೆಗೆ ಹಳದಿ ಬಣ್ಣ, ರಾಜ್ಯ ಹೆದ್ದಾರಿಗೆ ಹಸಿರು, ಗ್ರಾಮ ಸಡಕ್ ಯೋಜನೆಯ ರಸ್ತೆಗೆ ಕೇಸರಿ ಎಂಬುದು ದಿನವೂ ವಾಹನ ಓಡಿಸುವವರಿಗೆ ಗೊತ್ತಿರುವ ಸಂಗತಿ. ನಾನು ತಿರುಗಿದ ರಸ್ತೆಯ ಬದಿಯಲ್ಲಿ ಸಿಕ್ಕ ಕಲ್ಲಿಗೆ ಯಾವ ಬಣ್ಣವೂ ಉಳಿದಿರಲಿಲ್ಲ. ಊರಿನ ಹೆಸರು ಇರಬೇಕಾದ ಜಾಗದಲ್ಲಿ ಕಲ್ಲು ಸಿಪ್ಪೆ ಎದ್ದು, ಕೆಳಗಡೆ ‘ಕಿ.ಮೀ.’ ಎಂಬ ಎರಡು ಅಕ್ಷರಗಳು ಮಾತ್ರ ಕಾಣುತ್ತಿದ್ದವು. ಡಾಂಬರು ನಡುನಡುವೆ ಇತ್ತು, ನಡುನಡುವೆ ಇರಲಿಲ್ಲ. ಎರಡೂ ಕಡೆಯಿಂದ ಬಳ್ಳಾರಿ ಜಾಲಿ ಬೆಳೆದು ಕಾರಿನ ಬಾಗಿಲಿಗೆ ತಾಗುತ್ತಿತ್ತು. ನಕ್ಷೆಯಲ್ಲಿ ಮಾತ್ರ ಆ ರಸ್ತೆ ಹೆದ್ದಾರಿಯಷ್ಟೇ ಸ್ಪಷ್ಟವಾದ ನೀಲಿ ಗೆರೆಯಾಗಿ ಮುಂದೆ ಹೋಗುತ್ತಿತ್ತು.

ಒಂದು ಸಣ್ಣ ಇಳಿಜಾರು ದಾಟಿದಾಗ ರಸ್ತೆ ನೀರಿನೊಳಗೆ ಇಳಿಯಿತು. ಅಲ್ಲಿ ತಡೆಗಂಬ ಇರಲಿಲ್ಲ, ಫಲಕ ಇರಲಿಲ್ಲ. ಡಾಂಬರಿನ ಅಂಚು ನೀರಿನ ಕೆಳಗೆ ಒಂದು ಮೊಳದಷ್ಟು ದೂರದವರೆಗೆ ಕಪ್ಪಗೆ ಕಾಣುತ್ತಿತ್ತು, ಅಲ್ಲಿಂದ ಮುಂದೆ ಕೆಂಪು ನೀರು ಅದನ್ನು ಮುಚ್ಚಿತ್ತು. ಸುಮಾರು ನೂರು ಮೀಟರ್ ಆಚೆ ಒಣಗಿದ ಬೇವಿನ ಮರದ ತುದಿಯೊಂದು ನೀರಿನ ಮೇಲೆ ಎದ್ದಿತ್ತು. ಅದರ ಮೇಲೆ ನಾಲ್ಕೈದು ಬೆಳ್ಳಕ್ಕಿಗಳು ಕುಳಿತಿದ್ದವು. ನಾನು ಬ್ರೇಕ್ ಹಾಕಿ ನಿಂತಾಗ ಮುಂದಿನ ಗಾಲಿಗೂ ನೀರಿಗೂ ನಡುವೆ ಎಂಟು ಹೆಜ್ಜೆ ಇತ್ತು, ಇಳಿದು ಎಣಿಸಿದೆ. ಫೋನಿನ ಧ್ವನಿ ಅದೇ ಸಮಾಧಾನದಿಂದ, ನೇರವಾಗಿ 1.4 ಕಿಲೋಮೀಟರ್ ಮುಂದುವರಿಯಿರಿ ಎಂದು ಹೇಳುತ್ತಿತ್ತು. ಹಗಲಾಗಿದ್ದುದರಿಂದ ನನಗೆ ಏನೂ ಆಗಲಿಲ್ಲ. ಅದೇ ದಾರಿಯಲ್ಲಿ ರಾತ್ರಿ ಬಂದಿದ್ದರೆ, ಮಳೆಯಲ್ಲಿ ಹೆಡ್‌ಲೈಟಿನ ಬೆಳಕಿಗೆ ಒದ್ದೆ ಡಾಂಬರೂ ನಿಂತ ನೀರೂ ಒಂದೇ ರೀತಿ ಹೊಳೆಯುತ್ತಿದ್ದವು ಎಂಬ ಯೋಚನೆ ಬಂದು ಸ್ವಲ್ಪ ಹೊತ್ತು ಅಲ್ಲಿಯೇ ನಿಂತುಬಿಟ್ಟೆ.

ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಹಿರಿಯರು ಹತ್ತಿರ ಬಂದು ಎಲ್ಲಿಗೆ ಎಂದು ಕೇಳಿದರು. ಊರಿನ ಹೆಸರು ಹೇಳಿದೆ. ಅವರು ಬೇವಿನ ಮರದ ಕಡೆಗೆ ಕೈ ತೋರಿಸಿ, “ನೀವು ಕೇಳೂ ಊರು ಇಲ್ಲೇ ಐತ್ರೀ, ನೀರಾಗ ಐತಿ. ಮಂದಿ ಇರೂದು ಹೊಸ ಊರಾಗ. ಹೊಳ್ಳಿ ಹೈವೇಕ್ಕ ಹೋಗ್ರಿ, ಮುಂದ ಕಮಾನು ಕಾಣತೈತಿ, ಅಲ್ಲಿ ಕೇಳ್ರಿ” ಎಂದರು. ಇಷ್ಟು ನಿಖರವಾದ ಮಾರ್ಗದರ್ಶನ ಆ ದಿನ ನನಗೆ ಇನ್ನೊಂದು ಸಿಗಲಿಲ್ಲ. ಮೂರು ವಾಕ್ಯಗಳಲ್ಲಿ ಅವರು ತಪ್ಪು ಯಾವುದೆಂದು ಹೇಳಿದರು, ಕಾರಣ ಹೇಳಿದರು, ದಾರಿಯನ್ನೂ ಹೇಳಿದರು.

ಆ ಮಾತನ್ನೇ ಹಿಡಿದು ಬಂದ ದಾರಿಯಲ್ಲಿ ಹೆದ್ದಾರಿಗೆ ಮರಳಿದ್ದರೆ ಇಪ್ಪತ್ತು ನಿಮಿಷದಲ್ಲಿ ತಂಗಿಯ ಮನೆಯಲ್ಲಿ ಇರುತ್ತಿದ್ದೆ. ಕಾರು ತಿರುಗಿಸುತ್ತಿದ್ದಂತೆ ಆ್ಯಪ್ ತಾನಾಗಿಯೇ ಹೊಸ ದಾರಿಯೊಂದನ್ನು ಲೆಕ್ಕ ಹಾಕಿ, ಎಡಗಡೆಯ ಹೊಲದ ದಾರಿಯಿಂದ ಹೋದರೆ ಹೆದ್ದಾರಿಗೆ ಎರಡು ಕಿಲೋಮೀಟರ್ ಉಳಿಯುತ್ತದೆ ಎಂದು ತೋರಿಸಿತು, ನಾನು ಅದನ್ನು ಹಿಡಿದೆ. ಅದು ಎರಿ ಹೊಲ. ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿಯಾಗಿ ಬಿರುಕು ಬಿಡುವ ಈ ಕಪ್ಪು ಮಣ್ಣು ನಾಲ್ಕು ದಿನ ಮಳೆ ಬಿದ್ದರೆ ಗಾಲಿಗೆ ಅಂಟಿಕೊಂಡು, ಗಾಲಿ ಮತ್ತು ಮಡ್‌ಗಾರ್ಡಿನ ನಡುವಿನ ಜಾಗವನ್ನೆಲ್ಲ ತುಂಬಿಬಿಡುತ್ತದೆ. ಐನೂರು ಮೀಟರ್ ಹೋಗುವಷ್ಟರಲ್ಲಿ ಕಾರು ನಿಂತಿತು. ಫೋನಿಗೆ ನೆಟ್‌ವರ್ಕ್ ಇರಲಿಲ್ಲ. ಒಂದು ಗಂಟೆಯ ನಂತರ ಆ ದಾರಿಯಲ್ಲಿ ಬಂದ ಟ್ರ್ಯಾಕ್ಟರಿನ ಹುಡುಗ ಹಗ್ಗ ಹಾಕಿ ಎಳೆದು ಹೆದ್ದಾರಿಗೆ ಬಿಟ್ಟು, ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳದೆ ಹೊರಟುಹೋದ. ನಾನು ಬಲಕ್ಕೆ ತಿರುಗಿದ್ದ ಜಾಗದಿಂದ ಮೂರೂವರೆ ಕಿಲೋಮೀಟರ್ ಮುಂದೆ, ಹೆದ್ದಾರಿಯ ಪಕ್ಕದಲ್ಲಿಯೇ, ಊರಿನ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದ ಕಮಾನು ಇತ್ತು.

ಈ ಎರಡು ತಪ್ಪುಗಳು ಬೇರೆ ಬೇರೆ ಜಾತಿಯವು, ಅವನ್ನು ಬಿಡಿಸಿ ನೋಡದಿದ್ದರೆ ಆ್ಯಪಿಗೆ ನ್ಯಾಯ ಸಲ್ಲುವುದಿಲ್ಲ. ಮೊದಲಿಗೆ ಅದು ಚೆನ್ನಾಗಿ ಬಲ್ಲದ್ದನ್ನು ಹೇಳಬೇಕು. ನಾವು ಎಲ್ಲಿದ್ದೇವೆ ಎಂಬುದು ಅದಕ್ಕೆ ಬಹಳ ಚೆನ್ನಾಗಿ ಗೊತ್ತಿರುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತಗಳನ್ನು ಫೋನು ಹಿಡಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳು ಸಿಕ್ಕರೆ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ನಮ್ಮಂಥ ಬಯಲು ಸೀಮೆಯಲ್ಲಿ, ಮೇಲೆ ಮರವಾಗಲಿ ಕಟ್ಟಡವಾಗಲಿ ಇಲ್ಲದಾಗ, ಈ ಲೆಕ್ಕ ಐದು ಮೀಟರಿನ ಆಸುಪಾಸಿಗೆ ಸರಿಯಿರುತ್ತದೆ. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ ಎಂಬುದನ್ನು ಬಹಳ ಜನ ತಿಳಿದಿರುವುದಿಲ್ಲ. ನೆಟ್‌ವರ್ಕ್ ಹೋದರೆ ನಕ್ಷೆಯ ಚಿತ್ರ ಬರುವುದಿಲ್ಲವೇ ಹೊರತು ಸ್ಥಾನ ತಿಳಿಯುವುದು ನಿಲ್ಲುವುದಿಲ್ಲ. ನೀರಿನ ಮುಂದೆ ನಿಂತಾಗಲೂ ನನ್ನ ಚುಕ್ಕೆ ನಾನು ನಿಂತಲ್ಲಿಯೇ ಇತ್ತು. ಚುಕ್ಕೆಯ ಮುಂದಿದ್ದ ನೆಲ ನಕ್ಷೆಯಲ್ಲಿ ಬೇರೆಯಾಗಿತ್ತು.

ಆ ನೆಲವನ್ನು ನಕ್ಷೆಗೆ ಯಾರೋ ಬರೆದು ಕೊಟ್ಟಿರುತ್ತಾರೆ. ಉಪಗ್ರಹ ತೆಗೆದ ಚಿತ್ರ, ಹಳೆಯ ಭೂಪಟ, ಬಳಕೆದಾರರು ಸೇರಿಸಿದ ಮಾಹಿತಿ ಎಲ್ಲ ಕೂಡಿ ಅದು ತಯಾರಾಗುತ್ತದೆ. ಹಿನ್ನೀರಿನ ಅಂಚು ವರ್ಷವಿಡೀ ಒಂದೇ ಜಾಗದಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಜಲಾಶಯ 519.60 ಮೀಟರಿಗೆ ಮುಟ್ಟಿದಾಗ ದಂಡೆ ಎಲ್ಲಿರುತ್ತದೆಯೋ, ಬೇಸಿಗೆಯಲ್ಲಿ ನೀರು ಹಲವು ಮೀಟರ್ ಕೆಳಗಿಳಿದಾಗ ಅಲ್ಲಿಂದ ಬಹಳ ದೂರ ಸರಿದಿರುತ್ತದೆ. ಇಳಿಜಾರು ಕಡಿಮೆ ಇರುವ ಕಡೆ ಒಂದು ಮೀಟರ್ ಮಟ್ಟ ಇಳಿದರೆ ನೂರಾರು ಮೀಟರ್ ನೆಲ ತೆರೆದುಕೊಳ್ಳುತ್ತದೆ. ಆಗ ಮುಳುಗಿದ ಊರಿನ ರಸ್ತೆ ಮತ್ತೆ ಮೇಲೆ ಬರುತ್ತದೆ, ರೈತರು ಅದರ ಮೇಲೆ ಟ್ರ್ಯಾಕ್ಟರ್ ಒಯ್ದು ಹಸಿ ನೆಲದಲ್ಲಿ ಬಿತ್ತುತ್ತಾರೆ. ಮೋಡವಿಲ್ಲದ ಬೇಸಿಗೆಯ ದಿನ ತೆಗೆದ ಚಿತ್ರದಲ್ಲಿ ಆ ರಸ್ತೆ ನಿಜವಾಗಿಯೂ ರಸ್ತೆಯಂತೆಯೇ ಕಾಣುತ್ತದೆ. ಹಾಗಾಗಿ ನಕ್ಷೆ ತೋರಿಸಿದ್ದು ಪೂರ್ತಿ ಸುಳ್ಳಲ್ಲ, ವರ್ಷದ ಅರ್ಧ ಭಾಗಕ್ಕೆ ನಿಜವಾಗಿರುವ ಸಂಗತಿಯನ್ನು ಅದು ವರ್ಷಪೂರ್ತಿ ಹೇಳುತ್ತಿತ್ತು. ಆದರೆ ಊರಿನ ಹೆಸರನ್ನು ಹಳೆಯ ಜಾಗಕ್ಕೆ ಅಂಟಿಸಿದ್ದು ಯಾವ ಋತುವಿನಲ್ಲಿಯೂ ಸರಿಯಲ್ಲ. ಹೊಸ ಊರಿನಲ್ಲಿ ಜನ ಮನೆ ಕಟ್ಟಿ, ಶಾಲೆ ನಡೆಸಿ, ಮಕ್ಕಳ ಮದುವೆ ಮಾಡಿ ಎಷ್ಟೋ ವರ್ಷಗಳಾಗಿವೆ. ಮುಂದೆ ಈ ಪ್ರಶ್ನೆ ಇನ್ನೂ ದೊಡ್ಡದಾಗಲಿದೆ. ಕೃಷ್ಣಾ ಜಲವಿವಾದಗಳ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿದೆ. ಅದು ಕಾರ್ಯಕ್ಕೆ ಬಂದಾಗ ಮತ್ತಷ್ಟು ಊರುಗಳು ಹೆಸರು ಹೊತ್ತುಕೊಂಡು ಮೇಲಕ್ಕೆ ಹೋಗಬೇಕಾಗುತ್ತದೆ.

ಹೊಲದ ದಾರಿಯ ತಪ್ಪಿಗೆ ಇಂಥ ಕ್ಷಮೆ ಕೊಡಲು ನನಗೆ ಮನಸ್ಸಿಲ್ಲ. ಎರಡು ದಾರಿಗಳಲ್ಲಿ ಬೇಗ ಮುಟ್ಟಿಸುವುದನ್ನು ಆರಿಸುವುದು ಆ್ಯಪಿನ ಲೆಕ್ಕ. ಅದರ ಕಣ್ಣಿಗೆ ಚಕ್ಕಡಿ ದಾರಿಯೂ ಡಾಂಬರು ರಸ್ತೆಯೂ ಗೆರೆಗಳೇ. ಕಚ್ಚಾ ರಸ್ತೆ ಬೇಡ ಎಂದು ಹೇಳುವ ಆಯ್ಕೆ ನಾನು ಬಳಸುವ ಆ್ಯಪಿನ ಸೆಟ್ಟಿಂಗ್‌ಗಳಲ್ಲಿ ಇಲ್ಲ. ಟೋಲ್ ಬೇಡ, ಹೆದ್ದಾರಿ ಬೇಡ ಎನ್ನಬಹುದು ಅಷ್ಟೇ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎರಿ ಭೂಮಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಅತ್ಯಂತ ಅಗತ್ಯವಾದ ಆಯ್ಕೆ ಅದೊಂದೇ. ಇದನ್ನು ಸೇರಿಸುವುದು ಕಂಪನಿಗೆ ಕಷ್ಟದ ಕೆಲಸವಾಗಿರಲಾರದು, ಏಕೆಂದರೆ ದಾರಿಯ ದರ್ಜೆ ನಕ್ಷೆಯಲ್ಲಿ ಸಣ್ಣ ಗೆರೆ ದೊಡ್ಡ ಗೆರೆಗಳಾಗಿ ಈಗಾಗಲೇ ಇದೆ.

ಮೆಚ್ಚಬೇಕಾದದ್ದು ಬಹಳ ಇದೆ. ನವನಗರದಲ್ಲಿ ಈ ಆ್ಯಪ್ ಚೊಕ್ಕವಾಗಿ ಕೆಲಸ ಮಾಡುತ್ತದೆ. ಸೆಕ್ಟರುಗಳಾಗಿ ವಿಂಗಡಿಸಿ, ಪ್ಲಾಟುಗಳಿಗೆ ಸಂಖ್ಯೆ ಕೊಟ್ಟು ಯೋಜನೆ ಹಾಕಿ ಕಟ್ಟಿದ ಪಟ್ಟಣವಾದ್ದರಿಂದ ಹೊಸಬರಿಗೆ ಎಲ್ಲ ರಸ್ತೆಗಳೂ ಒಂದೇ ರೀತಿ ಕಾಣುತ್ತವೆ. ಸೆಕ್ಟರ್ ಸಂಖ್ಯೆ ಬರೆದರೆ ಆ್ಯಪ್ ಸರಿಯಾದ ತಿರುವಿಗೆ ಕರೆದೊಯ್ಯುತ್ತದೆ. ಬಾದಾಮಿಗೆ, ಮುಧೋಳಕ್ಕೆ, ಕೊರ್ತಿ–ಕೊಲ್ಹಾರ ಸೇತುವೆ ದಾಟಿ ವಿಜಯಪುರಕ್ಕೆ ಹೋಗಿ ಬಂದಾಗಲೂ ಅದು ಹೇಳಿದ ಸಮಯಕ್ಕೂ ನಾನು ಮುಟ್ಟಿದ ಸಮಯಕ್ಕೂ ಐದಾರು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳುವ ಸೌಲಭ್ಯವೂ ಇದೆ. ಮನೆಯಲ್ಲಿ ವೈಫೈ ಇರುವಾಗ ಇಡೀ ಜಿಲ್ಲೆಯ ಭಾಗವನ್ನು ಇಳಿಸಿಟ್ಟುಕೊಂಡ ಮೇಲೆ, ನೆಟ್‌ವರ್ಕ್ ಇಲ್ಲದ ಕಡೆಗಳಲ್ಲಿ ಮತ್ತೆ ನನಗೆ ತೊಂದರೆ ಬರಲಿಲ್ಲ. ಪಂಚಮಿಯ ದಿನ ಅದನ್ನು ಮಾಡಿರಲಿಲ್ಲ ಎಂಬುದು ನನ್ನ ಕಡೆಯ ತಪ್ಪು.

ಕನ್ನಡದ ಧ್ವನಿ ಸ್ಪಷ್ಟವಾಗಿದೆ, ಗಡಿಬಿಡಿ ಮಾಡುವುದಿಲ್ಲ. ಊರ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತದಿಂದ ಓದುತ್ತದೆ ಎಂಬ ಸಂಶಯ ಕೆಲವು ಕಡೆ ಬರುತ್ತದೆ, ದೀರ್ಘವಿರುವಲ್ಲಿ ಹ್ರಸ್ವ, ಳಕಾರವಿರುವಲ್ಲಿ ಲಕಾರ ಕೇಳುತ್ತದೆ. ಇದು ಕಿವಿಗೆ ಕಿರಿಕಿರಿಯಷ್ಟೇ, ದಾರಿ ತಪ್ಪಿಸುವುದಿಲ್ಲ. ಹುಡುಕುವಾಗ ಆಗುವ ತೊಂದರೆ ಬೇರೆಯದು. ‘ಹೊಸ’ ಎಂದು ಮುಂದೆ ಸೇರಿಸಿ ಬರೆದರೆ ಕೆಲವು ಊರುಗಳು ಸಿಗುತ್ತವೆ, ‘ಪುನರ್ವಸತಿ’ ಎಂದು ಬರೆದರೆ ಇನ್ನು ಕೆಲವು, ‘ಆರ್.ಸಿ.’ (ಪುನರ್ವಸತಿ ಕೇಂದ್ರ ಎಂಬುದರ ಇಂಗ್ಲಿಷ್ ಚಿಕ್ಕ ರೂಪ) ಎಂದು ಬರೆದರೆ ಮತ್ತೆ ಕೆಲವು. ಒಂದೇ ಪದ್ಧತಿ ಇಲ್ಲ. ಮುಳುಗಡೆ ಪ್ರದೇಶದ ಯಾವುದೇ ಊರಿಗೆ ಹೊರಡುವವರು ಈ ಮೂರನ್ನೂ ಬರೆದು ನೋಡಿ, ಬಂದ ಗುರುತು ನೀರಿನಿಂದ ಎಷ್ಟು ದೂರ ಇದೆ ಎಂಬುದನ್ನು ಉಪಗ್ರಹ ಚಿತ್ರದಲ್ಲಿ ಹಿಗ್ಗಿಸಿ ನೋಡಿಕೊಳ್ಳಬೇಕು. ಪುನರ್ವಸತಿ ಊರನ್ನು ಗುರುತಿಸುವುದು ಸುಲಭ: ರಸ್ತೆಗಳು ಪಟ್ಟಿ ಹಿಡಿದು ಗೆರೆ ಎಳೆದಂತೆ ನೇರವಾಗಿ, ಮನೆಗಳು ಸಾಲಾಗಿ ಇರುತ್ತವೆ. ಗುರುತು ಬಿದ್ದ ಜಾಗದಲ್ಲಿ ಅಂಥ ಸಾಲು ಕಾಣದಿದ್ದರೆ ಅದು ಹಳೇ ಊರೇ ಇರಬೇಕು ಎಂದು ತಿಳಿಯಿರಿ.

ಇದಕ್ಕಿಂತ ಭದ್ರವಾದ ಉಪಾಯ, ಹೋಗಬೇಕಾದ ಮನೆಯವರಿಂದಲೇ ವಾಟ್ಸ್‌ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳುವುದು. ಇದರಲ್ಲಿಯೂ ಒಂದು ಎಚ್ಚರ ಬೇಕು. ತಂಗಿ ಮೊದಲ ಸಲ ಕಳಿಸಿದ ಲೊಕೇಶನ್ ಅವಳ ಮನೆಯಿಂದ ಎಂಟುನೂರು ಮೀಟರ್ ಆಚೆಯ ಹೊಲವೊಂದನ್ನು ತೋರಿಸುತ್ತಿತ್ತು, ಏಕೆಂದರೆ ಅವಳು ಅಡುಗೆಮನೆಯಲ್ಲಿ ಕುಳಿತು, ಫೋನಿಗೆ ಉಪಗ್ರಹಗಳು ಸಿಗುವ ಮೊದಲೇ ಕಳಿಸಿದ್ದಳು. ಅಂಗಳಕ್ಕೆ ಬಂದು, ಪರದೆಯ ಮೇಲೆ ಎಷ್ಟು ಮೀಟರಿಗೆ ನಿಖರ ಎಂದು ತೋರಿಸುವ ಸಂಖ್ಯೆ ಹತ್ತರ ಒಳಗೆ ಇಳಿಯುವವರೆಗೆ ಕಾದು ಕಳಿಸಿದಾಗ ಗುರುತು ನೇರವಾಗಿ ಅವರ ತುಳಸಿಕಟ್ಟೆಯ ಮೇಲೆ ಬಿತ್ತು. ಅಂಚೆ ಇಲಾಖೆ 2025ರಲ್ಲಿ ಹೊರತಂದ ಡಿಜಿಪಿನ್ ಎಂಬ ವ್ಯವಸ್ಥೆಯನ್ನೂ ಪರೀಕ್ಷಿಸಿದೆ. ಇಡೀ ದೇಶವನ್ನು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲದ ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕಕ್ಕೂ ಹತ್ತು ಅಂಕಿ–ಅಕ್ಷರಗಳ ಸಂಕೇತ ಕೊಡುವ ವ್ಯವಸ್ಥೆ ಅದು. ಊರಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲದಿರುವುದು ಮುಳುಗಡೆ ಊರುಗಳ ದೃಷ್ಟಿಯಿಂದ ಅದರ ದೊಡ್ಡ ಗುಣ. ತಂಗಿಯ ಮನೆಯ ಸಂಕೇತವನ್ನು ಬರೆದಿಟ್ಟುಕೊಂಡಿದ್ದೇನೆ. ಆದರೆ ನಾನು ವಿಮರ್ಶಿಸುತ್ತಿರುವ ಆ್ಯಪಿನ ಹುಡುಕುವ ಜಾಗದಲ್ಲಿ ಆ ಸಂಕೇತ ಹಾಕಿದರೆ ಏನೂ ಸಿಗಲಿಲ್ಲ.

ಈಗ ತಿದ್ದುಪಡಿಯ ವಿಷಯ, ನನ್ನ ದೃಷ್ಟಿಯಲ್ಲಿ ಈ ಸೇವೆಯನ್ನು ಅಳೆಯಬೇಕಾದದ್ದು ಇಲ್ಲಿಯೇ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ನಕ್ಷೆಯನ್ನು ಅನುಸರಿಸಿ ಹೋಗುತ್ತಿದ್ದರೆಂದು ಹೇಳಲಾದ ಮೂವರು, ಪ್ರವಾಹದಲ್ಲಿ ತುಂಡಾಗಿದ್ದ ಸೇತುವೆಯಿಂದ ಕಾರಿನ ಸಮೇತ ರಾಮಗಂಗಾ ನದಿಗೆ ಬಿದ್ದು ಸತ್ತರು. ಅಲ್ಲಿಯೂ ಸೇತುವೆಗೆ ತಡೆ ಹಾಕಿರಲಿಲ್ಲ. ನಾನು ಕಂಡ ರಸ್ತೆಗೂ ಆ ಸೇತುವೆಗೂ ಇರುವ ಹೋಲಿಕೆ ನನ್ನನ್ನು ಸುಮ್ಮನೆ ಕೂಡಲು ಬಿಡಲಿಲ್ಲ. ಪಂಚಮಿ ಮುಗಿದು ತಂಗಿಯನ್ನು ಊರಿಗೆ ಬಿಡಲು ಹೋದಾಗ ನೀರಿನ ಅಂಚಿಗೆ ಮತ್ತೊಮ್ಮೆ ಹೋಗಿ ನಾಲ್ಕು ಫೋಟೋ ತೆಗೆದು, ಆ್ಯಪಿನೊಳಗಿನ ದೂರು ಕೊಡುವ ಜಾಗದಲ್ಲಿ ಎರಡು ವಿನಂತಿ ಹಾಕಿದೆ. ಊರಿನ ಗುರುತನ್ನು ಹೊಸ ಜಾಗಕ್ಕೆ ತರಬೇಕು ಎಂಬುದು ಒಂದು. ನೀರಿನೊಳಗೆ ಹೋಗುವ ರಸ್ತೆಯನ್ನು ಮುಚ್ಚಿದೆ ಎಂದು ತೋರಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ಒಂಬತ್ತನೇ ದಿನಕ್ಕೆ ಒಪ್ಪಿಗೆಯಾಯಿತು. ಈಗ ಆ ಹೆಸರು ಬರೆದರೆ ಕಮಾನಿನ ಒಳಗಿನ ಊರೇ ಬರುತ್ತದೆ. ಇದಕ್ಕಾಗಿ ನಾನು ಆ ಕಂಪನಿಗೆ ಮನಸಾರೆ ಕೃತಜ್ಞನಾಗಿದ್ದೇನೆ. ಮುಂದಿನ ಪಂಚಮಿಗೆ ಆ ಊರಿಗೆ ಬರುವ ಬೇರೆ ಅಣ್ಣತಮ್ಮಂದಿರು ನೀರಿನ ಕಡೆಗೆ ಹೋಗುವುದಿಲ್ಲ.

ಎರಡನೆಯದಕ್ಕೆ ಮೊದಲು ಬಂದದ್ದು ನಿರಾಕರಣೆ, ಕಾರಣ ತಿಳಿಸಲಿಲ್ಲ. ಫೋಟೋಗಳನ್ನು ಸೇರಿಸಿ ಮತ್ತೆ ಹಾಕಿದಾಗ ಆರು ವಾರಗಳ ನಂತರ ರಸ್ತೆಯನ್ನು ಮುಚ್ಚಲಾಗಿದೆ ಎಂದು ತೋರಿಸಿದರು. ಅದು ಕೂಡ ಪೂರ್ತಿ ಸರಿಯಲ್ಲ ಎಂದು ತಂಗಿಯ ಗಂಡ ಹೇಳಿದರು. ಬೇಸಿಗೆಯಲ್ಲಿ ಅದೇ ರಸ್ತೆಯಲ್ಲಿ ಅವರು ಹೊಲಕ್ಕೆ ಹೋಗುತ್ತಾರೆ. ಆರು ತಿಂಗಳು ಇರುವ, ಆರು ತಿಂಗಳು ಇಲ್ಲದ ರಸ್ತೆ ಎಂದು ಬರೆಯಲು ಆ್ಯಪಿನಲ್ಲಿ ಜಾಗವಿಲ್ಲ. ಹಿಮ ಬಿದ್ದು ಚಳಿಗಾಲದಲ್ಲಿ ಮುಚ್ಚುವ ಘಾಟಿ ರಸ್ತೆಗಳು ಉತ್ತರದಲ್ಲಿರುವಂತೆ ಹಿನ್ನೀರು ತುಂಬಿ ಮುಚ್ಚುವ ರಸ್ತೆಗಳು ನಮ್ಮಲ್ಲಿವೆ. ಜಲಾಶಯದ ಮಟ್ಟ ಎಷ್ಟಿದೆ ಎಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುವ ಸಂಖ್ಯೆ. ಆ ಸಂಖ್ಯೆಗೂ ಈ ರಸ್ತೆಗಳಿಗೂ ಸಂಬಂಧ ಕಟ್ಟಿದರೆ ಬೇರೆ ಯಾವ ತಿದ್ದುಪಡಿಯೂ ಬೇಕಾಗುವುದಿಲ್ಲ.

ಐದಕ್ಕೆ ಎಷ್ಟು ಅಂಕ ಎಂದು ಕೇಳುವವರಿಗೆ ನನ್ನ ಉತ್ತರ: ಹೆದ್ದಾರಿಗೂ ಪಟ್ಟಣಕ್ಕೂ ನಾಲ್ಕೂವರೆ, ಮಳೆಗಾಲದ ಹಳ್ಳಿ ದಾರಿಗೆ ಎರಡು, ತಪ್ಪು ತಿದ್ದುವ ವ್ಯವಸ್ಥೆಗೆ ಮೂರು. ಹಿನ್ನೀರಿನ ಊರುಗಳಿಗೆ ಹೊರಡುವವರು ಸಂಜೆಯೊಳಗೆ ಮುಟ್ಟುವಂತೆ ಹೊರಡಿ, ಹೆದ್ದಾರಿ ಬಿಡುವ ಮೊದಲು ಕ್ರಾಸಿನ ಚಹಾ ಅಂಗಡಿಯಲ್ಲಿ ಹೊಸ ಊರಿನ ದಾರಿ ಯಾವುದು ಎಂದು ಕೇಳಿಕೊಳ್ಳಿ. ‘ಹೊಸ’ ಎಂಬ ಮಾತನ್ನು ಸೇರಿಸಿಯೇ ಕೇಳಬೇಕು.

ಇನ್ನೊಂದು ವಿನಂತಿ ಬಾಕಿ ಇದೆ. ಹಳೆಯ ಜಾಗದಲ್ಲಿದ್ದ ಹೆಸರನ್ನು ಪೂರ್ತಿ ತೆಗೆದುಹಾಕಿ ಎಂದು ನಾನು ಬರೆಯಲು ಹೊರಟಿದ್ದೆ. ಎಳ್ಳಮವಾಸ್ಯೆಗೆ ಹೋದಾಗ ತಂಗಿಯ ಅತ್ತೆಯವರಿಗೆ ಅದನ್ನು ಫೋನಿನಲ್ಲಿ ತೋರಿಸಿ ಹೇಳಿದೆ. ಅವರು ನೀಲಿ ಬಣ್ಣದ ಮೇಲಿದ್ದ ಆ ಹೆಸರನ್ನು ಬಹಳ ಹೊತ್ತು ನೋಡಿ, ಬೆರಳಿಟ್ಟು, ಇದು ಅಗಸಿ, ಇದು ಹಣಮಪ್ಪನ ಗುಡಿ, ನಮ್ಮ ಮನೆ ಇಲ್ಲಿ ಎಂದು ತೋರಿಸಿದರು. ಆಮೇಲೆ, “ಅಳಸಬ್ಯಾಡಪಾ ತಮ್ಮಾ. ಬ್ಯಾಸಗಿಯಾಗ ನೀರು ಇಳದಾಗ ನಾವು ಹೋಗಿ ಹಣಮಪ್ಪಗ ಎಣ್ಣಿ ಹಾಕಿ ಬರ್ತೀವಿ. ಹಳೇ ಊರು ಅಂತ ಬರಿಸು” ಎಂದರು. ಅವರ ಮುಂದೆಯೇ ಕುಳಿತು, ಹೆಸರಿನ ಮುಂದೆ ‘ಹಳೇ’ ಎಂದು ಸೇರಿಸಬೇಕು, ಆದರೆ ಅಲ್ಲಿಗೆ ಮಳೆಗಾಲದಲ್ಲಿ ದಾರಿ ತೋರಿಸಬಾರದು ಎಂದು ಬರೆದು ಕಳಿಸಿದೆ. ಅದು ಇನ್ನೂ ಪರಿಶೀಲನೆಯಲ್ಲಿದೆ ಎಂದು ಆ್ಯಪ್ ತೋರಿಸುತ್ತಿದೆ.